ಎರಡನೆಯ ವರ್ಷದ ಲೆಕ್ಕ

ಮೊದಲನೆಯ ವರ್ಷಕ್ಕೆ ಲೋಕದಲ್ಲಿ ಒಂದು ಬಗೆಯ ರಿಯಾಯಿತಿ ಉಂಟು. ಹೊಸದಾಗಿ ಮನೆಗೆ ಬಂದ ಸೊಸೆ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿದರೆ, ‘ಪಾಪ, ಈ ಮನೆಯ ಅಳತೆ ಇನ್ನೂ ಕೈಗೆ ಹತ್ತಿಲ್ಲ’ ಎಂದು ಅತ್ತೆಯೇ ಸಮಾಧಾನ ಹೇಳುತ್ತಾಳೆ. ಹೊಸ ಉಪಾಧ್ಯಾಯ ತರಗತಿಯಲ್ಲಿ ತಡವರಿಸಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಆದರೆ ವರ್ಷ ತಿರುಗುವುದೇ ತಡ, ಆ ನಗುವಿನ ಮುಖವೂ ತಿರುಗುತ್ತದೆ. ಕಳೆದ ವರ್ಷ ಮಾಡಿದ್ದು ತಪ್ಪಾಗಿದ್ದರೆ ‘ಇನ್ನೂ ಕಲಿಯಲಿಲ್ಲವೆ?’ ಎಂಬ ಪ್ರಶ್ನೆ. ಸರಿಯಾಗಿದ್ದರೆ ‘ಈ ಸಲ ಅದಕ್ಕಿಂತ ಹೆಚ್ಚಿನದು ಎಲ್ಲಿ?’ ಎಂಬ ಪ್ರಶ್ನೆ. ಸೋತವನಿಗೂ ಗೆದ್ದವನಿಗೂ ಒಂದೇ ಸಮನಾಗಿ ಭಾರವಾಗುವ ವರ್ಷ ಯಾವುದಾದರೂ ಇದ್ದರೆ ಅದು ಎರಡನೆಯ ವರ್ಷ.

ಈ ಮಾತನ್ನು ಅಮೆರಿಕದ ಕಾಲೇಜು ಫುಟ್‌ಬಾಲ್ ಆಟದಷ್ಟು ಬಹಿರಂಗವಾಗಿ ಸಾರುವ ರಂಗ ಮತ್ತೊಂದು ಇರಲಾರದು. ಹೆಸರು ಫುಟ್‌ಬಾಲ್ ಎಂದಿದ್ದರೂ ಅದು ನಮ್ಮ ಹುಡುಗರು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಂತೆ ನೀಳವಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಒಬ್ಬರಿಂದೊಬ್ಬರಿಗೆ ಎಸೆಯುವ ಆಟ ಅದು. ನೂರು ಗಜದ ಬಯಲು. ಕಡೆಗೆ ಹನ್ನೊಂದು ಮಂದಿ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳ ಹಕ್ಕು ಸಿಗುತ್ತದೆ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎದುರು ಪಕ್ಷದ ಕೊನೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ, ಅಥವಾ ಗೆರೆಯಾಚೆ ನಿಂತು ಎಸೆತವನ್ನು ಹಿಡಿದರೆ, ಅದು ‘ಟಚ್‌ಡೌನ್’. ಅದಕ್ಕೆ ಆರು ಅಂಕ.

ಈ ಹನ್ನೊಂದು ಮಂದಿಯ ನಡುವೆ ಒಬ್ಬನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಬಹುಮಟ್ಟಿಗೆ ಪ್ರತಿಯೊಂದು ಯತ್ನದಲ್ಲಿಯೂ ಚೆಂಡು ಮೊದಲು ಸೇರುವುದು ಅವನ ಕೈಗೆ. ತಾನೇ ಓಡಬೇಕೆ, ಪಕ್ಕದವನಿಗೆ ಒಪ್ಪಿಸಬೇಕೆ, ಮೂವತ್ತು ನಲವತ್ತು ಗಜದಾಚೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕೆ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಗೂಳಿಗಳಂತಹ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗಿ ಬರುತ್ತಿರುತ್ತಾರೆ. ರಥಕ್ಕೆ ಸಾರಥಿ ಹೇಗೋ ತಂಡಕ್ಕೆ ಇವನು ಹಾಗೆ. ಗೆದ್ದರೆ ಹೂಮಾಲೆಯ ಸಿಂಹಪಾಲು ಇವನಿಗೆ. ಸೋತರೆ ನಿಂದೆಯದೂ ಅಷ್ಟೇ. ಇಷ್ಟಾಗಿಯೂ ಇವನು ಇಪ್ಪತ್ತು ಇಪ್ಪತ್ತೆರಡರ ವಿದ್ಯಾರ್ಥಿ ಎಂಬುದನ್ನು ಮರೆಯಬಾರದು.

ಪಂದ್ಯಗಳು ಆಗಸ್ಟ್ ಕೊನೆಯಲ್ಲಿ ಆರಂಭವಾಗುತ್ತವೆ. ಆದರೆ ನಿರೀಕ್ಷೆಯ ಪಂದ್ಯ ಬೇಸಗೆಯಲ್ಲೇ ಆರಂಭವಾಗಿರುತ್ತದೆ. ಮೊದಲ ವರ್ಷ ಸಾರಥ್ಯ ವಹಿಸಿದ ಹುಡುಗನ ಎಸೆತಗಳನ್ನೆಲ್ಲ ಎಣಿಸಿ, ನೂರಕ್ಕೆ ಎಷ್ಟು ಗುರಿ ಮುಟ್ಟಿದವು, ಎಷ್ಟು ಗಜ ಸಂದವು, ಎಷ್ಟು ಎದುರಾಳಿಗಳ ಕೈಸೇರಿದವು ಎಂದು ಪಟ್ಟಿ ಮಾಡಿ, ಅದರ ಮೇಲೆ ಇಷ್ಟು ಕೂಡಿಸಿ ‘ಈ ವರ್ಷ ಇವನಿಂದ ಇಷ್ಟು ಬರಬೇಕು’ ಎಂದು ಪಂಡಿತರು ಬರೆಯುತ್ತಾರೆ. ಸಾಲಕ್ಕೆ ಬಡ್ಡಿ ಕಟ್ಟಿದಂತೆ ಇದು. ಆ ಸಾಲವನ್ನು ಹುಡುಗ ಬೇಡಿದ್ದನೇ ಎಂದು ಯಾರೂ ಕೇಳುವುದಿಲ್ಲ.

೨೦೧೯ನೆಯ ಇಸವಿಯ ಬೇಸಗೆಯಲ್ಲಿ ಎರಡನೆಯ ವರ್ಷಕ್ಕೆ ಕಾಲಿಡುತ್ತಿದ್ದ ಇಬ್ಬರು ಹುಡುಗರ ಕಥೆ ಈ ಲೆಕ್ಕದ ಸೋಜಿಗವನ್ನು ಚೆನ್ನಾಗಿ ತೋರಿಸುತ್ತದೆ.

ಒಬ್ಬನು ದಕ್ಷಿಣ ಕೆರೊಲಿನ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾನಿಲಯದ ಟ್ರೆವರ್ ಲಾರೆನ್ಸ್. ಜಾರ್ಜಿಯದ ಹುಡುಗ, ಹೆಗಲಿನವರೆಗೆ ಇಳಿದ ಹೊಂಬಣ್ಣದ ಕೂದಲು, ಆರಡಿಯನ್ನು ಮೀರಿದ ಎತ್ತರ. ೨೦೧೮ರಲ್ಲಿ ಕಾಲೇಜಿಗೆ ಸೇರಿದ ವರ್ಷವೇ, ನಾಲ್ಕು ಪಂದ್ಯಗಳು ಕಳೆದೊಡನೆ, ತಂಡದ ಸಾರಥ್ಯ ಅವನ ಪಾಲಿಗೆ ಬಂದಿತು. ಅಲ್ಲಿಂದ ಮುಂದೆ ತಂಡ ಸೋಲನ್ನೇ ಕಾಣಲಿಲ್ಲ. ೨೦೧೯ರ ಜನವರಿಯಲ್ಲಿ ಬಲಾಢ್ಯವಾದ ಅಲಬಾಮವನ್ನು ೪೪–೧೬ ಅಂಕಗಳಿಂದ ಮಣಿಸಿ ಅವನ ತಂಡ ರಾಷ್ಟ್ರ ಪ್ರಶಸ್ತಿಯನ್ನು ಗೆದ್ದಿತು. ಹತ್ತೊಂಬತ್ತರ ಹರೆಯದಲ್ಲಿ ಶಿಖರವನ್ನು ಮುಟ್ಟಿದವನಿಂದ ಎರಡನೆಯ ವರ್ಷ ಜನರು ಅಪೇಕ್ಷಿಸುವುದು ಏನನ್ನು? ಶಿಖರದ ಮೇಲೆ ಇನ್ನೊಂದು ಶಿಖರವನ್ನು.

ಇನ್ನೊಬ್ಬನು ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾನಿಲಯದ ಜೋ ಬರೋ. ಇವನಿಂದ ಜನರು ಅಪೇಕ್ಷಿಸಿದ್ದು ಅಷ್ಟಕ್ಕಷ್ಟೆ.

ಬರೋ ಹುಟ್ಟಿದ್ದು ೧೯೯೬ರಲ್ಲಿ, ಆಯೋವ ರಾಜ್ಯದಲ್ಲಿ; ಬೆಳೆದದ್ದು ಓಹಾಯೋ ರಾಜ್ಯದ ಆಗ್ನೇಯ ಭಾಗದ ಅಥೆನ್ಸ್ ಪ್ರಾಂತದಲ್ಲಿ. ತಂದೆ ಜಿಮ್ಮಿ ಬರೋ ಅಲ್ಲಿನ ಓಹಾಯೋ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದವರು. ತಂದೆಯೂ ಇಬ್ಬರು ಅಣ್ಣಂದಿರೂ ನೆಬ್ರಾಸ್ಕ ವಿಶ್ವವಿದ್ಯಾನಿಲಯಕ್ಕೆ ಆಡಿದವರು. ಹೀಗೆ ಆಟ ಆ ಮನೆಯಲ್ಲಿ ಊಟದಷ್ಟೇ ಸಹಜವಾಗಿದ್ದಿತು. ಶಾಲೆಯ ಕೊನೆಯ ವರ್ಷ ಬರೋ ತನ್ನ ತಂಡವನ್ನು ರಾಜ್ಯದ ಅಂತಿಮ ಪಂದ್ಯದವರೆಗೂ ಒಯ್ದನು, ೫೬–೫೨ರಿಂದ ಸೋತನು. ರಾಜ್ಯದ ಶ್ರೇಷ್ಠ ಶಾಲಾ ಆಟಗಾರನೆಂಬ ಗೌರವ ಮಾತ್ರ ಅವನಿಗೇ ಬಂದಿತು.

ಆ ಗೌರವವನ್ನು ಹೊತ್ತು ೨೦೧೫ರಲ್ಲಿ ಕೊಲಂಬಸ್ ನಗರದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯವನ್ನು ಸೇರಿದವನಿಗೆ ದೊರೆತದ್ದು ಬೆಂಚು. ಒಂದು ವರ್ಷ ಆಡಲೇ ಇಲ್ಲ. ಮುಂದಿನ ಎರಡು ವರ್ಷ ಅವನು ಬದಲಿ ಆಟಗಾರ. ಗೆಲವು ಖಚಿತವಾದ ಪಂದ್ಯಗಳ ಕೊನೆಯಲ್ಲಿ ನಾಲ್ಕಾರು ಎಸೆತಗಳ ಅವಕಾಶ. ೨೦೧೭ರಲ್ಲಿ ಕೈಯ ಎಲುಬು ಮುರಿದು, ಅವನ ಹಿಂದೆ ನಿಂತಿದ್ದವನು ಮುಂದಕ್ಕೆ ಬಂದನು. ಆಟದಲ್ಲಿ ಸರದಿ ಬರಲಿಲ್ಲವೆಂದು ಅವನು ಪಾಠವನ್ನು ಬಿಡಲಿಲ್ಲ. ಮೂರೇ ವರ್ಷಗಳಲ್ಲಿ ಪದವಿಯನ್ನು ಮುಗಿಸಿಕೊಂಡನು. ಪದವೀಧರನಾದವನು ಬೇರೆ ವಿಶ್ವವಿದ್ಯಾನಿಲಯವನ್ನು ಸೇರಿ ಕಾಯದೆ ಆಡಬಹುದೆಂಬ ನಿಯಮ ಅಲ್ಲಿ ಉಂಟು. ಆ ನಿಯಮದ ಬಲದಿಂದ ೨೦೧೮ರ ಮೇ ತಿಂಗಳಿನಲ್ಲಿ ಅವನು ದಕ್ಷಿಣಕ್ಕೆ, ಮಿಸಿಸಿಪಿ ನದಿಯ ದಂಡೆಯ ಬ್ಯಾಟನ್ ರೂಜ್ ನಗರಕ್ಕೆ ಬಂದನು. ಅಲ್ಲಿನ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮಿಕ್ಕು ಜನ ಕುಳಿತು ನೋಡುತ್ತಾರೆ. ಅಪರಿಚಿತನಾಗಿ ಬಂದ ಉತ್ತರದ ಹುಡುಗ ಮೂರು ತಿಂಗಳಲ್ಲಿ ಆ ಲಕ್ಷ ಜನರ ತಂಡದ ಸಾರಥಿಯಾದನು.

ಮೊದಲ ವರ್ಷ ತಂಡ ಹತ್ತು ಪಂದ್ಯಗಳನ್ನು ಗೆದ್ದು ಮೂರನ್ನು ಸೋತಿತು. ಕೆಟ್ಟ ವರ್ಷವೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಸೋತ ಮೂರೂ ಮನಸ್ಸಿನಲ್ಲಿ ಉಳಿಯುವಂಥವು. ಫ್ಲಾರಿಡದ ಎದುರು ಕೊನೆಯ ಗಳಿಗೆಯಲ್ಲಿ ಅವನ ಎಸೆತ ಎದುರಾಳಿಯ ಕೈಸೇರಿತು. ತಮ್ಮದೇ ಅಂಗಳದಲ್ಲಿ ಅಲಬಾಮದ ಎದುರು ಒಂದು ಅಂಕವೂ ಬರಲಿಲ್ಲ, ೨೯–೦. ಟೆಕ್ಸಾಸ್ ಎ ಅಂಡ್ ಎಂ ತಂಡದ ಎದುರಿನ ಪಂದ್ಯ ಸಮಸಮವಾಗಿ ಮುಗಿದು, ಏಳು ಬಾರಿ ಹೆಚ್ಚುವರಿ ಆಟಕ್ಕೆ ಬೆಳೆದು, ೭೪–೭೨ರಲ್ಲಿ ಕೈತಪ್ಪಿತು. ವರ್ಷದ ಲೆಕ್ಕವನ್ನು ಕೂಡಿಸಿದರೆ ಬರೋನ ಎಸೆತಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ ೫೭.೮, ಸಂದ ಗಜಗಳು ೨,೮೯೪, ಟಚ್‌ಡೌನ್‌ಗಳು ೧೬. ಪರೀಕ್ಷೆಯಲ್ಲಿ ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದ ಹುಡುಗನ ಅಂಕಪಟ್ಟಿಯಂತೆ ಇತ್ತು ಅದು.

ಆದರೆ ಅಂಕಪಟ್ಟಿಯಲ್ಲಿ ಕಾಣದ ಒಂದು ಘಟನೆ ಉಂಟು. ೨೦೧೯ರ ಹೊಸ ವರ್ಷದ ದಿನ ಸೆಂಟ್ರಲ್ ಫ್ಲಾರಿಡ ತಂಡದೊಡನೆ ಆ ಋತುವಿನ ಕೊನೆಯ ಪಂದ್ಯ. ಇಪ್ಪತ್ತೈದು ಪಂದ್ಯಗಳಲ್ಲಿ ಸೋಲರಿಯದ ತಂಡ ಅದು. ಆರಂಭದಲ್ಲಿಯೇ ಬರೋನ ಎಸೆತವನ್ನು ಎದುರಾಳಿಯೊಬ್ಬ ಹಿಡಿದು ಗೆರೆಯ ಕಡೆಗೆ ಓಡಿದನು. ಅವನನ್ನು ತಡೆಯಲು ಹೋದ ಬರೋ ಮತ್ತೊಬ್ಬನ ಡಿಕ್ಕಿಗೆ ಸಿಕ್ಕಿ ನೆಲಕ್ಕೆ ಅಪ್ಪಳಿಸಿಬಿದ್ದನು. ನೋಡಿದವರು ಇವನು ಇಂದಿಗೆ ಏಳನೆಂದುಕೊಂಡರು. ಅವನು ಎದ್ದನು; ಮತ್ತೆ ಆಡಿದನು; ನಾಲ್ಕು ಟಚ್‌ಡೌನ್ ಎಸೆದು ೪೦–೩೨ರಿಂದ ಪಂದ್ಯವನ್ನು ಗೆಲ್ಲಿಸಿದನು. ಉತ್ತರದಿಂದ ಬಂದ ಹೊಸಬ ತಮ್ಮವನೇ ಎಂದು ಜೊತೆಗಾರರಿಗೆ ಮನವರಿಕೆಯಾಗಲು ಇದಕ್ಕಿಂತ ಹೆಚ್ಚಿನದೇನು ಬೇಕು? ಬೇಸಗೆಯ ಪಟ್ಟಿಗಳಲ್ಲಿ ಇದಕ್ಕೆ ಒಂದು ಕಲಮು ಇರಲಿಲ್ಲ.

ಪಟ್ಟಿಗಳಲ್ಲಿ ಇಲ್ಲದ ಇನ್ನೊಂದು ಸಂಗತಿಯೂ ಆ ಚಳಿಗಾಲದಲ್ಲಿ ನಡೆಯಿತು. ಆ ವಿಶ್ವವಿದ್ಯಾನಿಲಯದ ತಂಡಕ್ಕೆ ಚೆಂಡನ್ನು ಹಿಡಿದು ನುಗ್ಗುವ ಹಳೆಯ ಪದ್ಧತಿಯೇ ರೂಢಿಯಾಗಿತ್ತು. ಮುಖ್ಯ ತರಬೇತುಗಾರ ಎಡ್ ಓರ್ಜರಾನ್ ಅವರು ಅದನ್ನು ಬದಲಾಯಿಸಲು ನಿಶ್ಚಯಿಸಿ, ನ್ಯೂ ಆರ್ಲಿಯನ್ಸ್ ನಗರದ ವೃತ್ತಿಪರ ತಂಡದಲ್ಲಿ ಸಹಾಯಕನಾಗಿದ್ದ ಇಪ್ಪತ್ತೊಂಬತ್ತರ ಜೋ ಬ್ರೇಡಿ ಎಂಬಾತನನ್ನು ಕರೆತಂದರು. ಬ್ರೇಡಿಯ ಪದ್ಧತಿಯಲ್ಲಿ ಚೆಂಡನ್ನು ಹಿಡಿಯಬಲ್ಲ ಐವರು ಬಯಲಿನ ಉದ್ದಗಲಕ್ಕೂ ಚದರಿ ಓಡುತ್ತಾರೆ. ಎದುರಾಳಿಗಳು ಎಲ್ಲಿ ತೆರಪು ಬಿಟ್ಟರೋ ಅಲ್ಲಿಗೆ ಕ್ವಾರ್ಟರ್‌ಬ್ಯಾಕ್ ಕೂಡಲೇ ಎಸೆಯಬೇಕು. ತೋಳಿನ ಬಲಕ್ಕಿಂತ ಕಣ್ಣಿನ ಚುರುಕಿಗೆ ಇಲ್ಲಿ ಬೆಲೆ ಹೆಚ್ಚು. ತರಬೇತುಗಾರನ ಮನೆಯಲ್ಲಿ ಬೆಳೆದು, ಮೂರು ವರ್ಷ ಬೆಂಚಿನ ಮೇಲೆ ಕುಳಿತು ಆಟವನ್ನು ನೋಡಿದವನಿಗೆ ಕಣ್ಣಿನ ಚುರುಕು ಕಡಮೆಯೆ? ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಎಂಬ ಎಳೆಯರು ಎಸೆತ ಹಿಡಿಯುವುದರಲ್ಲಿ ಪಳಗುತ್ತಿದ್ದರು. ವ್ಯರ್ಥವಾಯಿತೆಂದು ಲೋಕ ಎಣಿಸಿದ್ದ ಮೂರು ವರ್ಷಗಳು ಬಡ್ಡಿಯೊಡನೆ ಮರಳುವ ಕಾಲ ಬಂದಿತ್ತು.

ಆಗಸ್ಟ್ ೩೧ರಂದು ಮೊದಲ ಪಂದ್ಯ. ಅರ್ಧ ಆಟ ಮುಗಿಯುವಷ್ಟರಲ್ಲಿ ಬರೋ ಐದು ಟಚ್‌ಡೌನ್ ಎಸೆದಿದ್ದನು. ಎದುರಾಳಿ ದುರ್ಬಲವೆಂದು ಜನ ತಲೆಯಾಡಿಸಿದರು. ವಾರದ ಬಳಿಕ ಆಸ್ಟಿನ್ ನಗರದಲ್ಲಿ ಟೆಕ್ಸಾಸ್ ತಂಡದೊಡನೆ ನಿಜವಾದ ಪರೀಕ್ಷೆ. ಕೊನೆಯ ನಿಮಿಷಗಳು, ಆರೇ ಅಂಕಗಳ ಮುನ್ನಡೆ, ಮೂರನೆಯ ಯತ್ನ, ಮುಂದುವರಿಯಬೇಕಾದದ್ದು ಹದಿನೇಳು ಗಜ. ಇಂಥ ಹೊತ್ತಿನಲ್ಲಿ ಹಳೆಯ ಪದ್ಧತಿಯ ತಂಡವಾದರೆ ಚೆಂಡನ್ನು ಜೋಪಾನ ಮಾಡಿ ಕಾಲ ಕಳೆಯುತ್ತಿತ್ತು. ಬರೋ ನುಗ್ಗಿಬಂದವರಿಂದ ಪಕ್ಕಕ್ಕೆ ಸರಿದು ಜೆಫರ್ಸನ್ನನಿಗೆ ಎಸೆದನು. ಅವನು ಹಿಡಿದವನು ಅರುವತ್ತೊಂದು ಗಜವನ್ನು ಮುಗಿಸಿಯೇ ನಿಂತನು. ಪಂದ್ಯ ೪೫–೩೮ರಿಂದ ಕೈಸೇರಿತು. ಬೇಸಗೆಯ ಲೆಕ್ಕ ತಪ್ಪಿತ್ತೆಂದು ಎಲ್ಲರಿಗೂ ಅರಿವಾದದ್ದು ಆಗ.

ಲಾರೆನ್ಸನ ಎರಡನೆಯ ವರ್ಷ ಬೇರೆಯಾಗಿ ಸಾಗುತ್ತಿತ್ತು. ಮೊದಲ ವರ್ಷವಿಡೀ ಎದುರಾಳಿಗಳ ಕೈಸೇರಿದ ಅವನ ಎಸೆತಗಳು ನಾಲ್ಕೇ. ಎರಡನೆಯ ವರ್ಷದ ಮೊದಲ ಏಳು ಪಂದ್ಯಗಳಲ್ಲಿಯೇ ಎಂಟು. ಉತ್ತರ ಕೆರೊಲಿನ ತಂಡದೊಡನೆ ಒಂದೇ ಅಂಕದಿಂದ ಪಾರಾದರು. ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಆದರೂ ‘ಹುಡುಗನಿಗೆ ಏನಾಯಿತು?’ ಎಂಬ ಗೊಣಗಾಟ. ಗೆಲ್ಲುತ್ತಿರುವವನನ್ನೂ ಹಳಿಯುವ ಶಕ್ತಿ ನಿರೀಕ್ಷೆಗೆ ಉಂಟು. ಲಾರೆನ್ಸ್ ಅದಕ್ಕೆ ಕೊಟ್ಟ ಉತ್ತರ ಮೌನವಾದದ್ದು: ಉಳಿದ ಎಂಟು ಪಂದ್ಯಗಳಲ್ಲಿ ಅವನ ಒಂದೇ ಒಂದು ಎಸೆತವೂ ಎದುರಾಳಿಯ ಕೈಸೇರಲಿಲ್ಲ.

ನವೆಂಬರಿನಲ್ಲಿ ಬರೋನ ತಂಡ ಅಲಬಾಮವನ್ನು ಅದರ ಊರಿನಲ್ಲಿಯೇ ೪೬–೪೧ರಿಂದ ಸೋಲಿಸಿತು. ಅದಕ್ಕೆ ಮುಂಚೆ ಎಂಟು ಸಲ ಒಂದೇ ಸಮನೆ ಸೋತಿದ್ದ ಲೂಯಿಸಿಯಾನದವರಿಗೆ ಅದು ದೀಪಾವಳಿ. ತಿಂಗಳ ಕೊನೆಯಲ್ಲಿ ತಮ್ಮ ಅಂಗಳದ ಕೊನೆಯ ಪಂದ್ಯ. ಏಳು ಬಾರಿ ಎಳೆದಾಡಿ ಸೋಲಿಸಿದ್ದ ಟೆಕ್ಸಾಸ್ ಎ ಅಂಡ್ ಎಂ ತಂಡವೇ ಎದುರಾಳಿ. ಬೀಳ್ಕೊಡುಗೆಯ ಆ ಸಂಜೆ ಬರೋ ಬಯಲಿಗೆ ಬಂದಾಗ ಅವನ ಅಂಗಿಯ ಬೆನ್ನಿನ ಮೇಲಿನ ಹೆಸರಿನ ಕಾಗುಣಿತ ಬದಲಾಗಿತ್ತು. ದಕ್ಷಿಣ ಲೂಯಿಸಿಯಾನದಲ್ಲಿ ಹಿಂದೆ ಫ್ರೆಂಚರು ನೆಲೆಸಿದ್ದರಿಂದ, ‘ಓ’ ಎಂಬ ಒಂದು ಸ್ವರಕ್ಕೆ ನಾಲ್ಕು ಅಕ್ಷರಗಳನ್ನು ಬಳಸುವ ಮನೆತನದ ಹೆಸರುಗಳು ಅಲ್ಲಿ ಹೇರಳ. ಬರೋ ತನ್ನ ಹೆಸರನ್ನು ಆ ರೀತಿಯಲ್ಲಿ ಬರೆಸಿಕೊಂಡಿದ್ದನು. ಉಚ್ಚಾರಣೆ ಅದೇ, ಊರು ಮಾತ್ರ ಬೇರೆ. ಅದನ್ನು ಓದಿದ ಲಕ್ಷ ಜನ ಎದ್ದುನಿಂತು ಕೂಗಿದರಂತೆ. ಹಿಂದಿನ ವರ್ಷವೇ ವೃತ್ತಿಯಿಂದ ನಿವೃತ್ತರಾಗಿದ್ದ ಜಿಮ್ಮಿ ಬರೋ ಅವರು ಮಗನ ಆ ಋತುವನ್ನು ನೆಮ್ಮದಿಯಾಗಿ ನೋಡುತ್ತಿದ್ದರು. ಊರೂರು ಅಲೆದು ಇತರರ ಮಕ್ಕಳನ್ನು ಆಡಿಸಿದ ತಂದೆಗೆ ಇದಕ್ಕಿಂತ ದೊಡ್ಡ ಪಿಂಚಣಿ ಯಾವುದು?

ಡಿಸೆಂಬರಿನಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪಾರಿತೋಷಕ ಬರೋನಿಗೆ ಸಂದಿತು. ಆ ವಿಶ್ವವಿದ್ಯಾನಿಲಯಕ್ಕೆ ಅದು ಬಂದದ್ದು ೧೯೫೯ರಲ್ಲಿ ಬಿಲ್ಲಿ ಕ್ಯಾನನ್ ಗೆದ್ದ ಬಳಿಕ ಅರುವತ್ತು ವರ್ಷಗಳಿಗೆ. ನ್ಯೂಯಾರ್ಕಿನ ವೇದಿಕೆಯ ಮೇಲೆ ಕಣ್ಣೀರಿನ ನಡುವೆ ಮಾತನಾಡಿದವನು ತನ್ನ ಎಸೆತಗಳನ್ನು ನೆನೆಯಲಿಲ್ಲ. ತಾನು ಬೆಳೆದ ಅಥೆನ್ಸ್ ಪ್ರಾಂತದ ಬಡತನವನ್ನು ನೆನೆದನು. ಶಾಲೆ ಬಿಟ್ಟು ಮನೆಗೆ ಹೋದರೆ ಅಲ್ಲಿಯೂ ಹೊಟ್ಟೆಗೆ ಸಾಲದ ಮಕ್ಕಳು ತನ್ನೂರಿನಲ್ಲಿ ಇದ್ದಾರೆಂದೂ, ತಾನು ಅಲ್ಲಿ ನಿಂತಿರುವುದು ಅವರ ಪರವಾಗಿ ಎಂದೂ ಹೇಳಿದನು. ಆ ಪ್ರಾಂತದ ಆಹಾರ ಭಂಡಾರಕ್ಕೆ ಕೆಲವು ವಾರಗಳೊಳಗೆ ಐದು ಲಕ್ಷ ಡಾಲರುಗಳಿಗೂ ಮಿಕ್ಕು ಹಣ ಹರಿದುಬಂದಿತು. ಎರಡನೆಯ ವರ್ಷದಿಂದ ಇಂಥದೊಂದು ಫಲವನ್ನು ಯಾವ ಪಂಡಿತನು ನಿರೀಕ್ಷಿಸಿದ್ದನು?

೨೦೨೦ರ ಜನವರಿ ೧೩ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಅಂತಿಮ ಪಂದ್ಯ. ಎಲ್ಲವನ್ನೂ ನಿರೀಕ್ಷಿಸಲಾಗಿದ್ದ ಹುಡುಗನೂ ಏನನ್ನೂ ನಿರೀಕ್ಷಿಸದಿದ್ದ ಹುಡುಗನೂ ಇದಿರುಬದಿರು ನಿಂತರು. ಕ್ಲೆಮ್ಸನ್ ಮೊದಲು ೧೭–೭ರಿಂದ ಮುಂದಿದ್ದಿತು. ಆಮೇಲೆ ಬರೋನ ಎಸೆತಗಳ ಮಳೆ: ೪೬೩ ಗಜ, ಐದು ಟಚ್‌ಡೌನ್, ತಾನೇ ಓಡಿ ಗಳಿಸಿದ್ದು ಇನ್ನೊಂದು. ೪೨–೨೫. ಕಾಲೇಜಿನಲ್ಲಿ ಸಾರಥ್ಯ ವಹಿಸಿದ ಮೇಲೆ ಲಾರೆನ್ಸ್ ಕಂಡ ಮೊದಲ ಸೋಲು ಅದು. ಬರೋನ ವರ್ಷದ ಲೆಕ್ಕ: ಗುರಿ ಮುಟ್ಟಿದ್ದು ನೂರಕ್ಕೆ ೭೬.೩, ೫,೬೭೧ ಗಜ, ಟಚ್‌ಡೌನ್ ೬೦. ಹದಿನೈದು ಪಂದ್ಯ, ಹದಿನೈದೂ ಗೆಲವು. ಅರುವತ್ತೆಂಬುದು ಅಂದಿಗೆ ಆ ಮಟ್ಟದ ಕಾಲೇಜು ಆಟದ ದಾಖಲೆ. ೨೦೨೧ರಲ್ಲಿ ಬೇಲಿ ಜ್ಯಾಪಿ ಎಂಬವನು ಅದನ್ನು ೬೨ಕ್ಕೆ ಏರಿಸಿದನು.

ಹಾಗಾದರೆ ಲಾರೆನ್ಸನ ಎರಡನೆಯ ವರ್ಷ ಸೋಲಿನದೆ? ಹದಿನಾಲ್ಕು ಗೆಲವು, ಒಂದು ಸೋಲು. ಬೇರೆ ಯಾರ ಪಾಲಿಗೆ ಬಂದಿದ್ದರೂ ಅದನ್ನು ಚಿನ್ನದ ವರ್ಷವೆನ್ನುತ್ತಿದ್ದರು. ಅವನು ಹಿಂದಿನ ವರ್ಷ ಗೆದ್ದಿದ್ದನೆಂಬುದೇ ಅವನ ತಪ್ಪು. ೨೦೦೮ರಲ್ಲಿ ಫ್ಲಾರಿಡ ವಿಶ್ವವಿದ್ಯಾನಿಲಯದ ಟಿಮ್ ಟೀಬೋಗೂ ಇದೇ ಭಾರ ಬಿದ್ದಿತ್ತು. ಸಾರಥ್ಯದ ಮೊದಲ ವರ್ಷವೇ ಹೈಸ್ಮನ್ ಪಡೆದಿದ್ದ ಅವನು ಎರಡನೆಯ ವರ್ಷ ತನ್ನೂರಿನ ಬಯಲಿನಲ್ಲಿ ಮಿಸಿಸಿಪಿ ವಿಶ್ವವಿದ್ಯಾನಿಲಯಕ್ಕೆ ೩೧–೩೦ರಿಂದ ಸೋತನು. ಸೋತ ಸಂಜೆ ಪತ್ರಕರ್ತರ ಮುಂದೆ ಕ್ಷಮೆ ಕೇಳಿ, ಇನ್ನು ಮುಂದೆ ತನಗಿಂತ ಹೆಚ್ಚು ದುಡಿಯುವ ಆಟಗಾರನನ್ನು ಈ ಋತುವಿನಲ್ಲಿ ಯಾರೂ ಕಾಣಲಾರರೆಂದು ಮಾತು ಕೊಟ್ಟನು. ಅನಂತರ ತಂಡ ಒಂದನ್ನೂ ಸೋಲದೆ ರಾಷ್ಟ್ರ ಪ್ರಶಸ್ತಿಯನ್ನು ಗೆದ್ದಿತು. ಅವನ ಸ್ವಂತ ಅಂಕಿಗಳು ಮಾತ್ರ ಮೊದಲ ವರ್ಷಕ್ಕಿಂತ ಕೆಳಗಿದ್ದವು. ಅಂಕಿ ಇಳಿದೂ ವರ್ಷ ದೊಡ್ಡದಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಬರೋನ ಎರಡನೆಯ ವರ್ಷವನ್ನು ಅವನೊಬ್ಬನ ಪವಾಡವೆಂದು ತಿಳಿಯುವುದೂ ತಪ್ಪಾದೀತು. ಮರುವರ್ಷ ಬರೋ ಮತ್ತು ಜೆಫರ್ಸನ್ ವೃತ್ತಿಪರ ತಂಡಗಳಿಗೆ ಹೋದರು, ಬ್ರೇಡಿ ಬೇರೆಡೆಗೆ ಹೊರಟನು, ಚೇಸ್ ಆ ವರ್ಷ ಆಡಲಿಲ್ಲ. ಅದೇ ವಿಶ್ವವಿದ್ಯಾನಿಲಯ ೨೦೨೦ರಲ್ಲಿ ಐದು ಗೆದ್ದು ಐದು ಸೋತಿತು. ಹುಡುಗ, ಗುರು, ಜೊತೆಗಾರರು, ಪದ್ಧತಿ, ಇವೆಲ್ಲ ಒಂದೇ ಮುಹೂರ್ತಕ್ಕೆ ಕೂಡಿಬಂದಾಗ ಮಾತ್ರ ಅಂಥ ವರ್ಷ ಫಲಿಸುತ್ತದೆ.

ಇತ್ತೀಚೆಗೆ ಈ ಭಾರ ಇನ್ನಷ್ಟು ಹೆಚ್ಚಿದೆ. ೨೦೨೧ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಕೀರ್ತಿಗಳಿಂದ ಹಣ ಸಂಪಾದಿಸಬಹುದಾಗಿದೆ. ಒಂದು ಕಾಲೇಜನ್ನು ಬಿಟ್ಟು ಇನ್ನೊಂದನ್ನು ಸೇರುವುದೂ ಸುಲಭವಾಗಿದೆ. ಹಣ ಪಡೆದವನಿಂದ ಫಲವನ್ನು ಬೇಗ ಕೇಳುವುದು ಲೋಕರೂಢಿ. ಸರದಿಗಾಗಿ ಮೂರು ವರ್ಷ ಕಾಯುವ ಹುಡುಗರೂ, ಎರಡನೆಯ ದರ್ಜೆಯ ಮೊದಲ ವರ್ಷವನ್ನು ಸಹಿಸಿಕೊಳ್ಳುವ ಊರುಗಳೂ ವಿರಳವಾಗುತ್ತಿವೆ.

ನಿರೀಕ್ಷೆ ಇರಬಾರದೆಂದಲ್ಲ. ಯಾರೂ ಏನನ್ನೂ ನಿರೀಕ್ಷಿಸದ ಮಗು ಬೆಳೆಯುವುದು ಕಷ್ಟ. ಬ್ಯಾಟನ್ ರೂಜಿನಲ್ಲಿ ಓರ್ಜರಾನ್ ಅವರು ನಿರೀಕ್ಷಿಸಲಿಲ್ಲವೆ? ನಿರೀಕ್ಷಿಸಿದರು; ಆದರೆ ‘ಇಷ್ಟು ತಾ’ ಎಂದು ಕೈಚಾಚಿ ಕೂರಲಿಲ್ಲ. ಹುಡುಗನ ಕಣ್ಣಿಗೆ ಒಪ್ಪುವ ಪದ್ಧತಿಯನ್ನು ಹುಡುಕಿ, ಅದನ್ನು ಬಲ್ಲ ಗುರುವನ್ನು ಕರೆತಂದರು. ಪಂಡಿತರು ಕಳೆದ ವರ್ಷದ ಅಂಕಿಯನ್ನು ನೋಡುತ್ತಿದ್ದಾಗ ಅವರು ಹುಡುಗನನ್ನು ನೋಡುತ್ತಿದ್ದರು.

ಜೂನ್ ತಿಂಗಳು ಬಂದು, ಎರಡನೆಯ ವರ್ಷದ ತರಗತಿಗೆ ಪುಸ್ತಕ ಹೊದಿಸುತ್ತ ಕುಳಿತ ಮಗನ ಮುಂದೆ ತಂದೆ ಕಳೆದ ವರ್ಷದ ಅಂಕಪಟ್ಟಿಯನ್ನು ಹಿಡಿದು ನಿಲ್ಲುವುದು ಅಮೆರಿಕದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಆ ಪಟ್ಟಿಯನ್ನು ಒಂದು ಗಳಿಗೆ ಮೇಜಿನ ಮೇಲಿಟ್ಟು, ‘ಈ ವರ್ಷ ನಿನಗೆ ಏನು ಬೇಕಪ್ಪ?’ ಎಂದು ಕೇಳಿದರೆ ನಷ್ಟವೇನೂ ಆಗದು.